ದೌಲತಾಬಾದಿನಿಂದ ಒಂದು ತಕರಾರು ಅರ್ಜಿ

ಬೆಂಗಳೂರಿಗೆ ಇನ್ನೊಂದು ಕ್ರಿಕೆಟ್ ಸ್ಟೇಡಿಯಂ ಬೇಡ. ಎಂಬತ್ತು ಸಾವಿರ ಜನ ಕೂರುವಂಥದ್ದಂತೂ ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುಗರನ್ನು ಕೊನೇ ಪುಟದವರೆಗೆ ಕಾಯಿಸಿ ಆಮೇಲೆ ಗುಟ್ಟು ಬಿಚ್ಚುವ ಕಲೆ ನನಗೆ ಬರುವುದಿಲ್ಲ.

ಊರು ಬಿಟ್ಟು ದೌಲತಾಬಾದ್ ಕೋಟೆಯ ಬುಡದಲ್ಲಿ ಕೂತವನಿಗೆ ಬೆಂಗಳೂರಿನ ಸ್ಟೇಡಿಯಮ್ಮಿನ ಉಸಾಬರಿ ಯಾಕಪ್ಪಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಊರಿನ ವಿಷಯ ಬಂದರೆ ಹೊರನಾಡಿನ ನಮಗೆ ಬಾಯಿ ಸ್ವಲ್ಪ ಜಾಸ್ತಿಯೇ. ಆದರೆ ಒಂದು ಮಾತು ಕೇಳಿ. ಇಲ್ಲಿಯ ನನ್ನ ನೆರೆಹೊರೆಯ ಮರಾಠಿಗರಿಗೆ ಕುವೆಂಪು ಗೊತ್ತಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ ಅನ್ನೋದು ಮಾತ್ರ ಒಬ್ಬಿಬ್ಬರಿಗೆ ಗೊತ್ತು, ಅದನ್ನು ಹೇಳೋಕೆ ಮರೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವುದು ಆರ್‌ಸಿಬಿ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನಿನಿಂದ ಸೋಲಿಸಿ, ಹದಿನೆಂಟನೇ ಸೀಸನ್ನಿಗೆ ಅಂತೂ ಕಪ್ಪು ಗೆದ್ದಾಗ, ಪಕ್ಕದ ಮನೆಯವರು ನನಗೆ ಪೇಢೆ ತಂದು ಕೊಟ್ಟರು. ನಾನೇ ಬ್ಯಾಟ್ ಹಿಡಿದು ನಿಂತಿದ್ದೆನೇನೋ ಎಂಬಂತೆ! ಮಾರನೇ ದಿನ ಸಂಜೆ ಅದೇ ಜನ, "ಕಾಯ್ ಝಾಲಂ ತುಮಚ್ಯಾ ಗಾವಾತ್?" ಅಂತ ಕೇಳಿದರು. ಏನಾಯ್ತು ನಿಮ್ಮೂರಲ್ಲಿ? ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತಿದ್ದರು. ಐವತ್ತಕ್ಕೂ ಹೆಚ್ಚು ಮಂದಿಗೆ ಗಾಯ. ಹೆಚ್ಚಿನವರು ಹುಡುಗ ಹುಡುಗಿಯರು.

ಏನಾಯ್ತು ಎಂಬ ಆ ಪ್ರಶ್ನೆಗೆ ಸರ್ಕಾರ ಆಗಸ್ಟಿನಲ್ಲಿ ಕೊಟ್ಟ ಉತ್ತರ ಸ್ಟೇಡಿಯಂ. ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ, ಬೊಮ್ಮಸಂದ್ರದ ಹತ್ತಿರ, 80,000 ಆಸನದ್ದು. ಅಂದು ಹೇಳಿದ ಅಂದಾಜು 1,650 ಕೋಟಿ ರೂಪಾಯಿ. ಕಟ್ಟುವುದು ಗೃಹ ಮಂಡಳಿ, ಅಂದರೆ ಮನೆ ಇಲ್ಲದವರಿಗೆ ಮನೆ, ಸೈಟು ಇಲ್ಲದವರಿಗೆ ಸೈಟು ಕೊಡಲೆಂದು ಇರುವ ಮಂಡಳಿ.

ದೌಲತಾಬಾದಿನಲ್ಲಿ ಕೂತವನು ಇಂಥ ಸುದ್ದಿ ಓದಿದರೆ ಮೊದಲು ಬಾಯಿಗೆ ಬರುವ ಹೆಸರು ಯಾವುದೆಂದು ನಿಮಗೂ ಗೊತ್ತು. ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ದೆಹಲಿಯಿಂದ ರಾಜಧಾನಿಯನ್ನು ಈ ಊರಿಗೇ ತಂದದ್ದು. ಅದಕ್ಕೂ ಮೊದಲು ಇದು ಸೇವುಣರ ದೇವಗಿರಿ (ಅವರ ಶಾಸನಗಳಲ್ಲಿ ಕನ್ನಡದವು ಬೇಕಾದಷ್ಟಿವೆ, ಅದಿರಲಿ). ಕೆಲವೇ ವರ್ಷಗಳಲ್ಲಿ ಅವನು ದೆಹಲಿಗೇ ವಾಪಸ್. 1964ರಲ್ಲಿ ಕಾರ್ನಾಡರು ನಾಟಕ ಬರೆದ ಮೇಲೆ ಕನ್ನಡಿಗರಿಗೆ ಯಾವ ಸರ್ಕಾರ ಏನು ಎತ್ತಿ ಎಲ್ಲಿಗೆ ಇಟ್ಟರೂ ತುಘಲಕ್ ನೆನಪಾಗುತ್ತಾನೆ. ನನಗೆ ಮಾತ್ರ ಈ ಹೋಲಿಕೆ ಸ್ವಲ್ಪ ಅಗ್ಗ ಅನಿಸುತ್ತದೆ. ತುಘಲಕನಿಗೆ ದಖ್ಖನನ್ನೂ ಹಿಡಿದಿಡಬೇಕು ಎಂಬ ಒಂದು ಕಾರಣವಾದರೂ ಇತ್ತು. ಬೆಂಗಳೂರಿನ ಪ್ರಶ್ನೆಗೆ ಹತ್ತಿರದ ಪಾಠ ಇಲ್ಲಿಂದ ನಾಲ್ಕು ತಾಸಿನ ಬಸ್ಸಿನ ದೂರದಲ್ಲಿ, ನಾಸಿಕದಲ್ಲಿದೆ.

2003ರ ಆಗಸ್ಟ್ 27. ಸಿಂಹಸ್ಥ ಕುಂಭಮೇಳದ ಶಾಹಿ ಸ್ನಾನದ ದಿನ. ರಾಮಕುಂಡಕ್ಕೆ ಇಳಿಯುವ ಇಕ್ಕಟ್ಟಿನ ದಾರಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು 39 ಮಂದಿ ಸತ್ತರು. ಮೆರವಣಿಗೆಯಲ್ಲಿದ್ದ ಸಾಧುವೊಬ್ಬರು ಬೆಳ್ಳಿ ನಾಣ್ಯ ತೂರಿದರು, ಅದನ್ನು ಹೆಕ್ಕಲು ಜನ ಮುಗಿಬಿದ್ದರು ಎಂದು ಆಗ ವರದಿಯಾಗಿತ್ತು. ಹನ್ನೆರಡು ವರ್ಷ ಬಿಟ್ಟು 2015ರಲ್ಲಿ ಮತ್ತೆ ಸಿಂಹಸ್ಥ ಬಂತು. ಅಷ್ಟರಲ್ಲಿ ಏನು ಮಾಡಿದ್ದರು? ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಮಾಡಿದ್ದರು. ಜನ ಒಂದೇ ಕಡೆ ಸೇರದಂತೆ ಹೊಸ ಘಾಟುಗಳನ್ನು ಕಟ್ಟಿದ್ದರು. ವಾಹನಗಳನ್ನು ಊರಾಚೆಯೇ ನಿಲ್ಲಿಸಿ ಅಲ್ಲಿಂದ ಬಸ್ಸು ಬಿಟ್ಟರು. ಪೊಲೀಸರ ಬಂದೋಬಸ್ತು ಅತಿಯಾಯ್ತು, ಮೈಲುಗಟ್ಟಲೆ ನಡೆಸಿದರು ಅಂತ ಜನ ಬೈದರು. ಬೈಯಲಿ, ಬೈಯೋದಕ್ಕೆ ಎಲ್ಲರೂ ಬದುಕಿದ್ದರಲ್ಲ. ಗೋದಾವರಿಯನ್ನು ಎತ್ತಿ ಊರ ಹೊರಗೆ ಇಡೋಣ ಅಂತ ಮಾತ್ರ ಯಾರೂ ಹೇಳಲಿಲ್ಲ.

ಈಗ ಜೂನ್ 4ಕ್ಕೆ ಬನ್ನಿ. ಅಂದು ಚಿನ್ನಸ್ವಾಮಿಯಲ್ಲಿ ಮ್ಯಾಚು ಇರಲಿಲ್ಲ. ಟಿಕೇಟು ಇರಲಿಲ್ಲ. ವಿಜಯಯಾತ್ರೆ ಇದೆ, ಬನ್ನಿ, ಉಚಿತ ಪಾಸು ಸಿಗುತ್ತದೆ ಅಂತ ತಂಡದವರ ಜಾಲತಾಣದ ಖಾತೆಯಿಂದ ಕರೆ ಹೋಯಿತು. ಅತ್ತ ವಿಧಾನಸೌಧದ ಮೆಟ್ಟಿಲಲ್ಲಿ ಸರ್ಕಾರದ ಸನ್ಮಾನ, ಇತ್ತ ಸ್ವಲ್ಪ ದೂರದಲ್ಲಿ ಸ್ಟೇಡಿಯಮ್ಮಿನ ಸನ್ಮಾನ, ಎರಡೂ ಒಂದೇ ಸಂಜೆ. ಉಚಿತ ಪಾಸು ಅಂದರೆ ಅದೇ ಬೆಳ್ಳಿ ನಾಣ್ಯ. ಸುಮಾರು ಮೂರರಿಂದ ಐದು ಲಕ್ಷ ಜನ ಸೇರಿದ್ದರೆಂದು ಕೇಂದ್ರ ಆಡಳಿತ ನ್ಯಾಯಮಂಡಳಿ ತನ್ನ ಆದೇಶದಲ್ಲಿ ಹೇಳಿತು. ಚಿನ್ನಸ್ವಾಮಿಯಲ್ಲಿ ಕೂರುವುದು ಸುಮಾರು 35,000. ಕಡಿಮೆ ಲೆಕ್ಕವನ್ನೇ, ಅಂದರೆ ಮೂರು ಲಕ್ಷವನ್ನೇ ಹಿಡಿಯಿರಿ. ಸ್ಟೇಡಿಯಂ 80,000ದ್ದಾಗಿದ್ದರೆ ಹೊರಗೆ ಉಳಿಯುತ್ತಿದ್ದವರು ಎಷ್ಟು? ಎರಡು ಲಕ್ಷ ಇಪ್ಪತ್ತು ಸಾವಿರ. ಸತ್ತವರು ಸತ್ತದ್ದು ಹೊರಗೆ, ಗೇಟಿನಲ್ಲಿ. ಒಳಗೆ ಕುರ್ಚಿ ಹೆಚ್ಚಿದ್ದರೆ ಅವರು ಉಳಿಯುತ್ತಿದ್ದರು ಅನ್ನುವುದಕ್ಕೆ ಯಾವ ಗಣಿತ?

ಇದೇ ಚಿನ್ನಸ್ವಾಮಿಯಲ್ಲಿ 2016ರ ಮೇ 29ರಂದು ಐಪಿಎಲ್ ಫೈನಲ್ ನಡೆಯಿತು. ಆಡಿದ್ದು ಇದೇ ಆರ್‌ಸಿಬಿ, ತವರಿನಲ್ಲಿ. ಅದು ಬೆಂಗಳೂರಿಗೆ ಬಂದದ್ದೂ ನಮ್ಮ ಮರಾಠವಾಡಾದ ಬರಗಾಲದ ದೆಸೆಯಿಂದ. ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಬರುತ್ತಿದ್ದ ಬೇಸಿಗೆ ಅದು. ಪಿಚ್ಚಿಗೆ ನೀರು ಹೊಯ್ಯುವುದು ಸಲ್ಲದೆಂದು ಮುಂಬೈ ಹೈಕೋರ್ಟು ಏಪ್ರಿಲ್ ನಂತರದ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಕಳಿಸಿತು, ಮುಂಬೈಯ ಫೈನಲ್ ಬೆಂಗಳೂರಿನ ಪಾಲಾಯಿತು. ಆರ್‌ಸಿಬಿ 8 ರನ್ನಿನಿಂದ ಸೋತಿತು, ಅದು ಬೇರೆ ಮಾತು. ಅಂದು ಊರಿಗೆ ಊರೇ ಹುಚ್ಚೆದ್ದಿತ್ತು. ಟಿಕೇಟು ಇದ್ದವರು ಒಳಗೆ ಹೋದರು, ಇಲ್ಲದವರು ಟೀವಿ ಮುಂದೆ ಕೂತರು, ರಾತ್ರಿ ಎಲ್ಲರೂ ಮನೆ ಸೇರಿದರು. ಗೇಟು ಅವೇ, ರಸ್ತೆ ಅವೇ. 1974ರಲ್ಲಿ ವೆಸ್ಟ್ ಇಂಡೀಸಿನವರು ಬಂದು ಅಲ್ಲಿ ಮೊದಲ ಟೆಸ್ಟ್ ಆಡಿದಾಗಿನಿಂದ ಅರ್ಧ ಶತಮಾನ ನಡೆದ ಜಾಗ ಅದು.

"ಆಯೋಗವೇ ಹೇಳಿದೆಯಲ್ರೀ" ಅಂತ ನೀವು ಅನ್ನಬಹುದು. ಹೌದು, ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿಕುನ್ಹ ಆಯೋಗ, ದೊಡ್ಡ ಜನಸಂದಣಿಗೆ ಈ ಸ್ಟೇಡಿಯಮ್ಮಿನ ವಿನ್ಯಾಸ ಸುರಕ್ಷಿತವಲ್ಲ ಎಂದಿತು. ದೊಡ್ಡ ಕಾರ್ಯಕ್ರಮಗಳನ್ನು ತಕ್ಕ ಜಾಗದಲ್ಲಿ ಮಾಡಿ ಎಂದಿತು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಯೋಗ ಕೇಳಿದ್ದು ಏನು ಅಂತಲೂ ನೋಡಿ. ರಸ್ತೆಗೆ ಚೆಲ್ಲದಂತೆ ಸರದಿ ನಿಲ್ಲುವ ಜಾಗ, ಸಾಕಷ್ಟು ಬಾಗಿಲು, ಬಸ್ಸು ಮೆಟ್ರೋ ಸಂಪರ್ಕ, ತುರ್ತಾಗಿ ಹೊರಬರುವ ದಾರಿ, ವಾಹನ ನಿಲುಗಡೆ. ಇವುಗಳಲ್ಲಿ ಎಂಬತ್ತು ಸಾವಿರ ಎಂಬ ಸಂಖ್ಯೆ ಯಾವ ಸಾಲಿನಲ್ಲಿದೆ? ಬಾಗಿಲು ಕೇಳಿದರೆ ಅರಮನೆ ಕೊಡ್ತೀವಿ ಅಂದ ಹಾಗಾಯಿತು.

ಸಂಪರ್ಕದ ಮಾತು ಬಂತಲ್ಲ, ಅದನ್ನೂ ಲೆಕ್ಕ ಹಾಕೋಣ. ಚಿನ್ನಸ್ವಾಮಿಯ ಮಗ್ಗುಲಲ್ಲೇ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ ಇದೆ, ಎಂ.ಜಿ. ರಸ್ತೆಯದು ಕೂಗಳತೆಯಲ್ಲಿ. ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮುಂದೆ ರೈಲು ಹೆಚ್ಚುತ್ತವೆ, ಸರಿ, ಐದು ನಿಮಿಷಕ್ಕೊಂದು ಅಂತಲೇ ಇಟ್ಟುಕೊಳ್ಳಿ. ಆರು ಬೋಗಿಯ ರೈಲಿನಲ್ಲಿ ಉಪ್ಪಿನಕಾಯಿ ಜಾಡಿಯ ಹಾಗೆ ತುಂಬಿದರೂ ಸುಮಾರು 1,500 ಜನ. ಪ್ರೇಕ್ಷಕರಲ್ಲಿ ಅರ್ಧ, ಅಂದರೆ 40,000 ಜನ ಮೆಟ್ರೋ ಹತ್ತಬೇಕಾದರೆ 27 ರೈಲು, ಎರಡೂಕಾಲು ತಾಸು. ಅದೂ ಸ್ಟೇಷನ್ನಿಗೆ ಬಂದ ಮೇಲೆ. ಅಲ್ಲಿಯವರೆಗೆ ಸೂರ್ಯನಗರದಿಂದ ಮತ್ತೆ ಬಸ್ಸು. ಉಳಿದ ಅರ್ಧ ಜನ ಹೊಸೂರು ರಸ್ತೆಯಲ್ಲಿ. ಹೊಸೂರು ರಸ್ತೆಯ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕೆ? ರಾತ್ರಿ ಹನ್ನೊಂದೂವರೆಗೆ ಪಂದ್ಯ ಮುಗಿದರೆ ಹುಡುಗರು ಮನೆ ಮುಟ್ಟುವುದು ಯಾವಾಗ, ಆ ಸ್ಟೇಷನ್ನಿನ ಬಾಗಿಲಲ್ಲಿ ಎಷ್ಟು ನೂಕಾಟ ಎಂಬುದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?

ಊರ ಹೊರಗಿನ ಸ್ಟೇಡಿಯಂ ಹೇಗಿರುತ್ತದೆ ಎಂದು ತಿಳಿಯಲು ಪುಣೆಗೆ ಹೋಗಿ. ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕ ಗಹುಂಜೆಯಲ್ಲಿ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ ಕಟ್ಟಿದ ಸ್ಟೇಡಿಯಂ. 2012ರಲ್ಲಿ ಅಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ. ನೋಡಲು ಚೆಂದ, ಸುತ್ತ ಗುಡ್ಡ. ಹೆಸರು ಇಡುವ ಹಕ್ಕಿಗೆ ಸಹಾರಾ ಕಂಪನಿ 200 ಕೋಟಿ ಒಪ್ಪಿಕೊಂಡು, ಹಣ ಪೂರ್ತಿ ಬರದೆ ಒಪ್ಪಂದ ಮುರಿಯಿತು. ಸಾಲ ಉಳಿಯಿತು. 2018ರ ಆರಂಭದಲ್ಲಿ ಸುಮಾರು 69 ಕೋಟಿ ಬಾಕಿಗೆ ಬ್ಯಾಂಕುಗಳ ಒಕ್ಕೂಟ ಸ್ಟೇಡಿಯಮ್ಮಿನ ಸಾಂಕೇತಿಕ ಸ್ವಾಧೀನಕ್ಕೇ ಕೈಹಾಕಿತು. ಅದೇ ವರ್ಷ ಕಾವೇರಿ ಗಲಾಟೆಯಿಂದ ಚೆನ್ನೈನ ಪಂದ್ಯಗಳು ಅಲ್ಲಿಗೆ ಬಂದಾಗ, ಪವನಾ ನದಿಯ ನೀರನ್ನು ಮೈದಾನಕ್ಕೆ ಬಳಸುವುದಕ್ಕೆ ಹೈಕೋರ್ಟು ತಡೆ ಹಾಕಿತು. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ, ಚಾವಣಿಯಿಲ್ಲದ ಗ್ಯಾಲರಿಯಲ್ಲಿ ಬಿಸಿಲಿಗೆ ಕೂತ ಪ್ರೇಕ್ಷಕರಿಗೆ ಕುಡಿಯುವ ನೀರೇ ಸಿಗದೆ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಹೊಸ ಕಟ್ಟಡ, ವಿಶಾಲ ಜಾಗ, ಎಲ್ಲ ಇತ್ತು. ಜನರನ್ನು ಜನರೆಂದು ನೋಡಿಕೊಳ್ಳುವ ಬುದ್ಧಿ ಕಟ್ಟಡದ ಜೊತೆ ಬರುವುದಿಲ್ಲ ನೋಡಿ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಮ್ಮೆ ಈ ಕಡೆಯ ಮಂಗಲ ಕಾರ್ಯಾಲಯದ ಮಾಲೀಕರೊಬ್ಬರು, ಅಂದರೆ ನಮ್ಮ ಕಲ್ಯಾಣ ಮಂಟಪದವರು, ಎರಡನೇ ಮಂಟಪಕ್ಕೆ ಸಾಲ ಕೇಳಿ ಬಂದರು. ಕಾರಣ? ಹೋದ ವೈಶಾಖದ ಒಂದು ಮುಹೂರ್ತದ ದಿನ ಜನ ಹಿಡಿಸಲಿಲ್ಲವಂತೆ. ವರ್ಷದಲ್ಲಿ ಎಷ್ಟು ದಿನ ಮಂಟಪ ಖಾಲಿ ಎಂದು ಕೇಳಿದೆ. ರಿಜಿಸ್ಟರು ತೆಗೆದು ಎಣಿಸಿ ಅವರೇ ನಕ್ಕರು. ಆ ಲೆಕ್ಕವನ್ನೇ ಸೂರ್ಯನಗರಕ್ಕೆ ಹಾಕಿ. ಐಪಿಎಲ್‌ನಲ್ಲಿ ತವರಿನ ಪಂದ್ಯ 7. ಒಂದು ಟೆಸ್ಟಿನ ಐದು ದಿನ, ಮೇಲೆ ಎರಡು ಮೂರು ಪಂದ್ಯ, ಉದಾರವಾಗಿ 15 ದಿನ ಅನ್ನೋಣ. 1,650 ಕೋಟಿಗೆ ಶೇಕಡಾ 8ರಂತೆ ಬಡ್ಡಿ ವರ್ಷಕ್ಕೆ 132 ಕೋಟಿ. ಪಂದ್ಯದ ಒಂದು ದಿನಕ್ಕೆ 8 ಕೋಟಿ 80 ಲಕ್ಷ. ಎಂಬತ್ತು ಸಾವಿರ ಕುರ್ಚಿಯೂ ತುಂಬಿದರೆ ಕುರ್ಚಿಗೆ 1,100 ರೂಪಾಯಿ, ಬರೀ ಬಡ್ಡಿ. ಆ ಮೊತ್ತದಲ್ಲಿ ಬೇರೆ ಆಟಗಳ ಅಂಗಣ, ಈಜುಕೊಳ, ಹಾಸ್ಟೆಲು, ಹೋಟೆಲು, ಸಭಾಂಗಣ ಎಲ್ಲ ಸೇರಿದೆ, ಒಪ್ಪಿದೆ. ಅರ್ಧ ಕಳೆಯಿರಿ, 550. ಅದರಲ್ಲಿ ಹುಲ್ಲು ಕತ್ತರಿಸುವವನ ಸಂಬಳ ಸೇರಿಲ್ಲ.

ಅಂದಾಜು ಅಲ್ಲೇ ನಿಲ್ಲುತ್ತದೆ ಎಂಬ ನಂಬಿಕೆಯೂ ಬೇಡ. ನಮ್ಮ ಪಕ್ಕದ ಶಹರಕ್ಕೆ, ಹಿಂದಿನ ಔರಂಗಾಬಾದಿಗೆ, ಪೈಠಣದ ಜಾಯಕವಾಡಿಯಿಂದ ನೀರು ತರುವ ಹೊಸ ಯೋಜನೆಗೆ 2020ರಲ್ಲಿ ಶಂಕುಸ್ಥಾಪನೆ ಆದಾಗ ಹೇಳಿದ್ದು 1,680 ಕೋಟಿ. ಅದು ಆಮೇಲೆ 2,740 ಕೋಟಿಯಾಯಿತು. ಕುಡಿಯುವ ನೀರಿಗೆ ಖರ್ಚು ಏರಿದರೆ ಹಲ್ಲು ಕಚ್ಚಿ ಸಹಿಸಬಹುದು. ಕುರ್ಚಿಗೆ?

ಇನ್ನೊಂದು ವಿಷಯ ಬೆಂಗಳೂರಿನವರಿಗೇ ಮರೆತುಹೋದಂತಿದೆ. ಆ ಊರು ಆಟಕ್ಕಾಗಿ ಈಗಾಗಲೇ ಬೇಕಾದಷ್ಟು ಕೊಟ್ಟಿದೆ. ಕಂಠೀರವ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ, ಫುಟ್‌ಬಾಲ್ ಸ್ಟೇಡಿಯಂ ಶೂಲೆ ಕೆರೆಯಲ್ಲಿ. ಮೂರು ಕೆರೆ ನುಂಗಿದ ಮೇಲೂ ಕಂಠೀರವದ ಟ್ರ್ಯಾಕಿಗಾಗಿ ಓಟಗಾರರೂ ಫುಟ್‌ಬಾಲಿನವರೂ ಕಿತ್ತಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹೀಗಾಗಿ ಸೂರ್ಯನಗರದಲ್ಲಿ ಟ್ರ್ಯಾಕು, ಈಜುಕೊಳ, ಹಾಸ್ಟೆಲು ಮಾಡುವುದಕ್ಕೆ ನನ್ನ ತಕರಾರಿಲ್ಲ, ಮಾಡಲಿ. ಅವು ಆಡುವವರಿಗೆ. ನನ್ನ ತಕರಾರು ನೋಡುವವರ ಕುರ್ಚಿಗೆ ಮಾತ್ರ. ಇಲ್ಲಿಯ ಆಮ್‌ಖಾಸ್ ಮೈದಾನದಲ್ಲಿ ಭಾನುವಾರ ಒಂದೇ ಹೊತ್ತಿಗೆ ಹತ್ತು ಮ್ಯಾಚು ನಡೆಯುತ್ತಿರುತ್ತವೆ, ಯಾರ ಚೆಂಡು ಯಾರ ಕಾಲಿಗೆ ಎಂಬುದೇ ತಿಳಿಯುವುದಿಲ್ಲ. ಅಂಥ ಬಯಲು ಗೃಹ ಮಂಡಳಿಯ ಎಷ್ಟು ಬಡಾವಣೆಗಳಲ್ಲಿ ಉಳಿದಿದೆ?

ಒಂದಂತೂ ನಿಜ, ಸ್ಟೇಡಿಯಂ ಘೋಷಿಸುವುದು ಸುಲಭ. ಕರೆ ಕೊಟ್ಟವರು ಯಾರು, ಒಪ್ಪಿದವರು ಯಾರು, ಬೇಡ ಅನ್ನಬೇಕಾದಾಗ ಅನ್ನದವರು ಯಾರು ಎಂದು ಗೊತ್ತುಮಾಡುವುದು ಕಷ್ಟ. ಪೊಲೀಸ್ ಕಮಿಷನರನ್ನು ಮಾರನೇ ದಿನ ಅಮಾನತು ಮಾಡಿದರು, ಮುಂದಿನ ತಿಂಗಳು ವಾಪಸ್ ತೆಗೆದುಕೊಂಡರು. ಮಹಿಳೆಯರ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ಕೈತಪ್ಪಿ ನವಿ ಮುಂಬೈಗೆ ಬಂದವು. 2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ಕಪ್ಪು ಎತ್ತಿದ್ದು ಅಲ್ಲೇ. ಜೂನ್ 4ರಲ್ಲಿ ಅವರ ಪಾಲು ಏನಿತ್ತು?

ಈ ಫೈಲು ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ ಮೂರು ಕಾಗದ ತರಲು ಹೇಳುತ್ತಿದ್ದೆ. ವರ್ಷಕ್ಕೆ ಎಷ್ಟು ದಿನ ಅಲ್ಲಿ ಪಂದ್ಯ ಆಡುತ್ತೇವೆಂದು ಯಾವ ಸಂಸ್ಥೆ ಬರೆದುಕೊಟ್ಟಿದೆ, ಆ ಪತ್ರ. ರಾತ್ರಿ ಹನ್ನೊಂದೂವರೆಯಿಂದ ಎರಡು ಗಂಟೆಯವರೆಗೆ ಎಂಬತ್ತು ಸಾವಿರ ಜನ ಯಾವ ದಾರಿಯಲ್ಲಿ ಹೊರಡುತ್ತಾರೆ, ಆ ನಕ್ಷೆ. ಮೂರನೆಯದು, ಚಿನ್ನಸ್ವಾಮಿಯ ಗೇಟುಗಳನ್ನು ಅಗಲ ಮಾಡಿ, ರಸ್ತೆಗೆ ಬಾರದಂತೆ ಸರದಿಯ ಜಾಗ ಕಟ್ಟಲು ಎಷ್ಟು ಖರ್ಚು, ಆ ಎಸ್ಟಿಮೇಟು.