ಶ್ರಾವಕನ ಮೌನವೂ ಅನುಮೋದನೆಯೇ

ರಾಜಕೀಯವು ಕಷಾಯಗಳ ಕೆಸರು, ಶ್ರಾವಕನು ಅದರಿಂದ ದೂರವಿರಬೇಕು ಎಂಬ ಮಾತು ನಮ್ಮ ಸಮಾಜದಲ್ಲಿ ವಿವೇಕವೆಂದೇ ಸಲ್ಲುತ್ತಿದೆ. ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದಂಥ ಊರಿನಲ್ಲಿ ಈ ವಿವೇಕದ ಬೆಲೆ ಏನು? 1993ರ ಪಂಚಾಯತ್ ರಾಜ್ ಕಾಯ್ದೆಯು ಗ್ರಾಮಸಭೆಯಲ್ಲಿ ಪ್ರತಿ ಮತದಾರನಿಗೂ ಸ್ಥಾನ ಕೊಟ್ಟಿದೆ. ನೀರು, ರಸ್ತೆ, ಬಡವರ ನಿವೇಶನಗಳ ಮಾತು ನಡೆಯುವುದು ಅಲ್ಲಿಯೇ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ. ಆದರೂ ಅಭ್ಯರ್ಥಿಗಳ ಬೆನ್ನಿಗಿರುವುದು ಪಕ್ಷಗಳೇ. ಅತ್ತ ಸುಳಿಯದವರು ಬಸದಿಯ ಜೀರ್ಣೋದ್ಧಾರದ ಅನುದಾನಕ್ಕೆ ಮಾತ್ರ ಶಾಸಕರ ಬಾಗಿಲಲ್ಲಿ ನಿಲ್ಲುವುದು ಎಂಥ ನಿಃಸ್ಪೃಹತೆ?

ಕೃತ, ಕಾರಿತ, ಅನುಮೋದಿತವೆಂದು ಪಾಪಕ್ಕೆ ಮೂರು ದಾರಿಗಳನ್ನು ಶಾಸ್ತ್ರ ಹೇಳುತ್ತದೆ. ಅನ್ಯಾಯದ ಫಲವುಂಡು ಸುಮ್ಮನಿರುವವನು ಮೂರನೆಯ ದಾರಿಯಲ್ಲಿದ್ದಾನೆ. ಸರ್ವಸಂಗ ಪರಿತ್ಯಾಗ ಮಹಾವ್ರತಿಯಾದ ಮುನಿಗೆ. ಗೃಹಸ್ಥನದು ಅಣುವ್ರತ, ಅದರ ಪರೀಕ್ಷೆ ಲೋಕದ ನಡುವೆಯೇ. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ಕಳಸ-ಕಾರ್ಕಳದ ಭೈರರಸರು ರಾಜ್ಯಭಾರ ಬಿಟ್ಟು ಶ್ರಾವಕರಾದವರಲ್ಲ.

ಬಸದಿಯೊಳಗೆ ಪಕ್ಷದ ಬಾವುಟ ಸಲ್ಲದು. 1988ರ ಕೇಂದ್ರ ಕಾಯ್ದೆಯೂ ಧಾರ್ಮಿಕ ಸಂಸ್ಥೆಗಳ ಸ್ಥಳವನ್ನು ರಾಜಕೀಯಕ್ಕೆ ಬಳಸುವುದನ್ನು ನಿಷೇಧಿಸಿದೆ. ಟ್ರಸ್ಟುಗಳು ಈ ಗಡಿಯನ್ನು ಕಾಯಲಿ. ಅದರ ಹೊರಗೆ ಶ್ರಾವಕ-ಶ್ರಾವಿಕೆಯರು ತಮಗೊಪ್ಪುವ ಪಕ್ಷವನ್ನು ಸೇರಲಿ, ಬೂತ್ ಸಮಿತಿಯಲ್ಲಿ ಕೂರಲಿ, ಲೆಕ್ಕ ಕೇಳಲಿ. ಮತಕ್ಕೆ ಹಣ ಹಂಚುವ ಮಾತು ಬಂದಾಗ ಒಲ್ಲೆವೆಂದು ಎದ್ದು ನಿಲ್ಲಲಿ. ಅಚೌರ್ಯಾಣುವ್ರತಕ್ಕೆ ಅದಕ್ಕಿಂತ ಕಠಿಣವಾದ ಒರೆಗಲ್ಲು ಊರಿನಲ್ಲಿ ಬೇರೊಂದಿಲ್ಲ.