ಬ್ಯಾಕಪ್ ಇದ್ದರೆ ಸಾಲದು, ಕೆಟ್ಟ ಡಿಸ್ಕ್ ಒಂದನ್ನೇ ಮರಳಿಸಲು ಬರಬೇಕು

ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಲೆಕ್ಕಪತ್ರಗಳು ಖಾತೆ ಪುಸ್ತಕಗಳಿಂದ ಸರ್ವರ್‌ಗೆ ವರ್ಗಾವಣೆಗೊಂಡು ವರ್ಷಗಳೇ ಸಂದಿವೆ. ಆ ಸರ್ವರ್ ಕೂಡ ಈಗ ಅನೇಕ ಕಡೆ ಪ್ರತ್ಯೇಕ ಯಂತ್ರವಾಗಿ ಉಳಿದಿಲ್ಲ. ಒಂದೇ ಯಂತ್ರದೊಳಗೆ ತಂತ್ರಾಂಶದ ಮೂಲಕ ಸೃಷ್ಟಿಸಿದ ಎರಡು ಮೂರು ವರ್ಚುವಲ್ ಮೆಷಿನ್‌ಗಳ ಪೈಕಿ ಒಂದಾಗಿರುತ್ತದೆ. ರಾತ್ರಿ ಅದರ ಬ್ಯಾಕಪ್ ನಡೆಯುತ್ತದೆ, ಬೆಳಿಗ್ಗೆ ಯಶಸ್ವಿಯಾಯಿತೆಂಬ ಇ-ಮೇಲ್ ಬರುತ್ತದೆ. ಮಾಲೀಕರು ಅಷ್ಟಕ್ಕೇ ನೆಮ್ಮದಿ ತಾಳುತ್ತಾರೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ವರ್ಚುವಲ್ ಮೆಷಿನ್ ಒಂದರಲ್ಲಿ ಮೂರು ಡಿಸ್ಕ್‌ಗಳಿವೆ: ವಿಂಡೋಸ್ ಇರುವ 100 ಜಿಬಿಯದು, ಲೆಕ್ಕಪತ್ರದ ದತ್ತಾಂಶವಿರುವ 100 ಜಿಬಿಯದು, ಸ್ಕ್ಯಾನ್ ಮಾಡಿದ ಬಿಲ್ಲುಗಳು ಮತ್ತು ನಕ್ಷೆಗಳಿರುವ 1,800 ಜಿಬಿಯದು. ಮಧ್ಯಾಹ್ನ 3 ಗಂಟೆಗೆ ಅಪ್‌ಡೇಟ್ ಕೈಕೊಟ್ಟು ವಿಂಡೋಸ್ ಡಿಸ್ಕ್ ಮಾತ್ರ ಕೆಡುತ್ತದೆ. ಕರೆಸಿದ ತಂತ್ರಜ್ಞ ನಿನ್ನೆ ರಾತ್ರಿಯ ಬ್ಯಾಕಪ್‌ನಿಂದ ಇಡೀ ಮೆಷಿನ್ನನ್ನೇ ಮರಳಿಸುತ್ತಾನೆ. ಇಲಿ ಇದೆಯೆಂದು ಮನೆಗೆ ಬೆಂಕಿ ಹಚ್ಚಿದ ಹಾಗೆ. ಸುಸ್ಥಿತಿಯಲ್ಲಿದ್ದ ಲೆಕ್ಕಪತ್ರದ ಡಿಸ್ಕ್ ಕೂಡ ನಿನ್ನೆಗೆ ಹಿಂದಿರುಗಿ, ಆ ದಿನದ ಸಮಸ್ತ ನಮೂದುಗಳು ಅಳಿಸಿಹೋಗುತ್ತವೆ. ಸೆಕೆಂಡಿಗೆ ಸುಮಾರು 100 ಎಂಬಿ ವೇಗದ ಜಾಲದಲ್ಲಿ ಮೂರನ್ನೂ ಮರಳಿಸಲು ಐದೂವರೆ ಗಂಟೆ ಬೇಕು. ಕೆಟ್ಟ ಒಂದಕ್ಕೆ 17 ನಿಮಿಷ ಸಾಕಾಗಿತ್ತು.

ಕಾಲಹರಣಕ್ಕಿಂತ ದೊಡ್ಡ ತೊಂದರೆ ಜಿಎಸ್‌ಟಿಯದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅಳಿದುಹೋದ ಬಿಲ್ಲುಗಳು ಸಂಸ್ಥೆಯ ಪುಸ್ತಕದಲ್ಲಿಲ್ಲ. ಆದರೆ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಸಹಿತ ಉಳಿದಿರುತ್ತವೆ, ಸರಕು ಗ್ರಾಹಕನ ಗೋದಾಮು ತಲುಪಿರುತ್ತದೆ. ಗುಮಾಸ್ತ ಅರಿಯದೆ ಅದೇ ಕ್ರಮಾಂಕದಲ್ಲಿ ಹೊಸ ಬಿಲ್ಲು ಸಿದ್ಧಪಡಿಸಿದರೆ ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ. ಪೋರ್ಟಲ್‌ನಲ್ಲಿ ರದ್ದುಗೊಳಿಸಲು ಇರುವುದು 24 ಗಂಟೆಗಳ ಅವಧಿ, ರದ್ದಾದ ಕ್ರಮಾಂಕವನ್ನು ಮತ್ತೆ ಬಳಸುವಂತಿಲ್ಲ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ತಿದ್ದುಪಡಿ ದಾಖಲೆಯಲ್ಲೂ ಆ ದಿನದ ಭಾಗ ಕಾಣೆಯಾಗುತ್ತದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಆ ದಾಖಲೆಯ ಸಂರಕ್ಷಣೆಯ ಬಗ್ಗೆಯೂ ಹೇಳಬೇಕಾಗಿದೆ.

ಜಿಎಸ್‌ಟಿ ನಿಯಮ 57 ಬ್ಯಾಕಪ್ ಇರಿಸಬೇಕೆಂದಷ್ಟೇ ಹೇಳಿ ಸುಮ್ಮನಾಗಿಲ್ಲ. ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ದಾಖಲೆ ನಾಶವಾದರೆ ಸಮಂಜಸ ಕಾಲದೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂಬುದು ಅದರ ಅಪೇಕ್ಷೆ. ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಬ್ಯಾಕಪ್ ಇರಿಸಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಹೆಚ್ಚಿನವರು ಎರಡನೆಯದನ್ನು ಪಾಲಿಸಿ ಮೊದಲನೆಯದನ್ನು ಮರೆತಿದ್ದಾರೆ.

ಒಂದೇ ಡಿಸ್ಕ್ ಮರಳಿಸುವುದು ಅಸಾಧ್ಯದ ಕೆಲಸವಲ್ಲ. ಕೆಲವು ಬ್ಯಾಕಪ್ ತಂತ್ರಾಂಶಗಳಲ್ಲಿ ಅದಕ್ಕೆ ನೇರ ಸೌಲಭ್ಯವಿದೆ. ಇಲ್ಲದ ಕಡೆ ಬ್ಯಾಕಪ್ಪನ್ನು ಬೇರೊಂದು ತಾತ್ಕಾಲಿಕ ಮೆಷಿನ್ ಆಗಿ ಮರಳಿಸಿ, ಅದನ್ನು ಜಾಲಕ್ಕೆ ಸೇರಿಸದೆ, ಬೇಕಾದ ಡಿಸ್ಕನ್ನು ಪರೀಕ್ಷಿಸಿ, ನಂತರ ಮೂಲ ಮೆಷಿನ್ನನ್ನು ಸ್ಥಗಿತಗೊಳಿಸಿ ಜೋಡಿಸಬೇಕು. ಕೆಟ್ಟ ಡಿಸ್ಕನ್ನು ಕಳಚಿ ಇಡಬೇಕೇ ಹೊರತು ಅಳಿಸಕೂಡದು. ಮರಳಿಸಿದ್ದೇ ದೋಷಪೂರಿತವಾಗಿದ್ದರೆ ಉಳಿಯುವುದು ಅದೊಂದೇ.

ಈ ವಿಧಾನಕ್ಕೆ ಮಿತಿಯೂ ಇದೆ. ಡೇಟಾಬೇಸ್ ಒಂದು ಡಿಸ್ಕ್‌ನಲ್ಲಿ, ಅದರ ಲಾಗ್ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಒಂದೇ ಸಮಯದ ಬ್ಯಾಕಪ್‌ನಿಂದ ಮರಳಿಸಬೇಕು. ಇಲ್ಲವಾದರೆ ಅವು ಪರಸ್ಪರ ತಾಳೆಯಾಗುವುದಿಲ್ಲ. ಆದ್ದರಿಂದ ವಿಂಡೋಸ್ ಮತ್ತು ಲೆಕ್ಕಪತ್ರವನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿಡುವ ನಿರ್ಧಾರ ಸರ್ವರ್ ಕೊಳ್ಳುವಾಗಲೇ ಆಗಬೇಕು. ಗಾತ್ರ ದೊಡ್ಡದೆಂದು ಯಾವುದಾದರೂ ಡಿಸ್ಕನ್ನು ಬ್ಯಾಕಪ್‌ನಿಂದ ಸದ್ದಿಲ್ಲದೆ ಕೈಬಿಟ್ಟಿರುವುದೂ ಉಂಟು. ಬೆಳಗಿನ ಇ-ಮೇಲ್ ಅದನ್ನು ತಿಳಿಸುವುದಿಲ್ಲ.

ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಾಲೀಕರು ಒಂದು ಷರತ್ತು ಸೇರಿಸುವುದು ಉಚಿತ: ಮೂರು ತಿಂಗಳಿಗೊಮ್ಮೆ, ಕಚೇರಿಯ ರಜಾದಿನದಂದು, ಒಂದು ಡಿಸ್ಕನ್ನು ಪ್ರತ್ಯೇಕವಾಗಿ ಮರಳಿಸಿ ತೋರಿಸಬೇಕು. ತಗುಲಿದ ಸಮಯ, ಕೊನೆಯ ಬಿಲ್ಲಿನ ಕ್ರಮಾಂಕ ಎರಡನ್ನೂ ಬರೆದು ತಂತ್ರಜ್ಞನೂ ಲೆಕ್ಕಿಗನೂ ಸಹಿ ಹಾಕಬೇಕು. ಇದಕ್ಕೆ ಪ್ರತ್ಯೇಕ ಶುಲ್ಕ ಕೇಳುವ ಪೂರೈಕೆದಾರರೊಂದಿಗೆ ಚೌಕಾಸಿ ಮಾಡಬಹುದು. ಮಾಡಿ ತೋರಿಸಲು ಹಿಂಜರಿಯುವವರನ್ನು ಬದಲಿಸುವುದೇ ಲೇಸು.