ಫ್ಯೂಸಿಗೆ ತಾಮ್ರದ ತಂತಿ ಸುತ್ತುವವರು

ಮೊನ್ನೆ ಊರಿಗೆ ಹೋಗಿದ್ದೆ. ಕುಮಟಾ ಸ್ಟೇಶನ್ನಿಗೆ ಕರೆದೊಯ್ಯಲು ಬಂದಿದ್ದ ಮಾವನ ಮಗ ಕಿಸೆಯಿಂದ ಒಂದು ಹಿತ್ತಾಳೆ ಕೊಳವೆ ತೆಗೆದು ಬುಸ್ ಅಂತ ಮೋಡ ಬಿಟ್ಟ. "ಮೆಕ್ಯಾನಿಕಲ್ ವೇಪು ಭಾವಾ! ಒಳಗೆ ಸರ್ಕ್ಯೂಟೇ ಇಲ್ಲೆ. ಹಾಳಪ್ಪಲೆ ಎಂತ ಇದ್ದು?" ಅಂದ. ಅದೇ ಕಿಸೆಯಲ್ಲಿ ಬೈಕಿನ ಕೀಲಿ, ಚಿಲ್ಲರೆ, ಜೊತೆಗೊಂದು ಬಿಡಿ ಬ್ಯಾಟರಿ. ನನ್ನೆದೆ ಧಸಕ್ಕೆಂದಿತು.

ಗಲ್ಫಿನಿಂದ ಬಂದ ಗೆಳೆಯ ಕೊಟ್ಟದ್ದಂತೆ. ಭಟ್ಕಳ, ಹೊನ್ನಾವರ, ಕುಮಟಾದಿಂದ ಅಲ್ಲಿಗೆ ದುಡಿಯಲು ಹೋದವರು ಬೇಕಷ್ಟಿದ್ದಾರೆ. ಅಲ್ಲಿ ಎಮಿರೇಟ್ಸ್‌ನಲ್ಲಿ 2019ರಿಂದ ಇದರ ಮಾರಾಟ ಕಾನೂನುಬದ್ಧ. ಸೆಂಟು, ಚಾಕಲೇಟಿನ ಜೊತೆ ಇದೂ ಬಂದರೆ ಆಶ್ಚರ್ಯವೇನು? ನಮ್ಮಲ್ಲೋ, ಕರ್ನಾಟಕ 2016ರಲ್ಲೇ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ಬಂದ ಮೇಲೆ ಮಾರುವುದು, ತರಿಸುವುದು ಎಲ್ಲ ಅಪರಾಧ. ಮೊದಲ ತಪ್ಪಿಗೇ 1 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

"ನಿಷೇಧ ಆಯ್ತಲ್ಲ, ಮತ್ತೆ ಮಾತೇಕೆ?" ಅನ್ನುವವರ ಮೇಲೇ ನನ್ನ ಸಿಟ್ಟು. ಮಾತು ನಿಂತಿತು, ವಸ್ತು ನಿಲ್ಲಲಿಲ್ಲ. ಹುಡುಗರ ಕೈಗೆ ವೇಪು ಸಿಕ್ಕಿತು, ಅದನ್ನು ಬಳಸುವ ಕ್ರಮ ಸಿಗಲಿಲ್ಲ!

ಲೆಕ್ಕ ನೋಡಿ. ತುಂಬಿದ 18650 ಬ್ಯಾಟರಿ 4.2 ವೋಲ್ಟ್. ಕಾಯಿಲ್ 0.2 ಓಮ್ ಇದ್ದರೆ ಕರೆಂಟು 21 ಆಂಪಿಯರ್, ಸುಮಾರು 88 ವಾಟ್. ಎಷ್ಟೋ ಬ್ಯಾಟರಿಗಳ ಮಿತಿ 20 ಆಂಪಿಯರ್ರೋ ಅದಕ್ಕಿಂತ ಕಡಿಮೆಯೋ. ಮಾಮೂಲಿ ವೇಪಿನಲ್ಲಿ ಶಾರ್ಟ್ ಆದರೆ ಚಿಪ್ಪು ಕರೆಂಟು ಕಡಿಯುತ್ತದೆ. ಇದರಲ್ಲಿ ಕಡಿಯುವವರು ಯಾರೂ ಇಲ್ಲ. ಫ್ಯೂಸ್ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿ "ಇನ್ನು ಹೋಗೂದೇ ಇಲ್ಲ" ಅಂತ ಬೀಗುತ್ತಾರಲ್ಲ, ಅದೇ ಜಾಣತನ. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದ ಒಬ್ಬ, 2019ರಲ್ಲಿ ಟೆಕ್ಸಾಸಿನ ಒಬ್ಬ ವೇಪು ಸಿಡಿದೇ ಸತ್ತರು.

ಇನ್ನು ಲಿಕ್ವಿಡ್ಡು. "3 ಮಿಲಿಗ್ರಾಂ ನಿಕೋಟಿನ್ ಅಷ್ಟೇ" ಅಂದ ನಮ್ಮ ಹೀರೋ. ಅದು ಒಂದು ಮಿಲಿಲೀಟರಿಗೆ ಮಾರಾಯಾ! ವಾಟ್ ಹೆಚ್ಚಿದಷ್ಟೂ ಲಿಕ್ವಿಡ್ ಹೆಚ್ಚು ಆವಿಯಾಗುತ್ತದೆ. ದಿನಕ್ಕೆ 15 ಮಿಲಿ ಖಾಲಿ ಮಾಡಿದರೆ ಅದರಲ್ಲಿ ನಿಕೋಟಿನ್ 45 ಮಿಲಿಗ್ರಾಂ. 20ರ ಲಿಕ್ವಿಡ್ಡನ್ನು ಸಣ್ಣ ವೇಪಿನಲ್ಲಿ 2 ಮಿಲಿ ಸೇದುವವನ ಲೆಕ್ಕ 40. ಈಗ ಹೇಳಿ, ಯಾವುದು "ಲೈಟು"?

ನನ್ನನ್ನು ಕೇಳಿದರೆ ಮುಟ್ಟಲೇಬೇಡಿ. ಹಾಗಂತ ಇವತ್ತು ಕಿಸೆಯಲ್ಲಿಟ್ಟುಕೊಂಡವನಿಗೆ ಆ ಒಂದು ಮಾತು ಸಾಲದು. ಬಿಡಿ ಬ್ಯಾಟರಿ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ, ಕೀಲಿ-ಚಿಲ್ಲರೆ ಜೊತೆ ಬೇಡ. ಮೇಲಿನ ಹೊದಿಕೆ ಹರಿದಿದ್ದರೆ ಅದನ್ನು ಬಳಸಬೇಡಿ. ಕಾಯಿಲನ್ನು ಓಮ್ ಮೀಟರಿನಲ್ಲಿ ಅಳೆಯದೆ ಹಾಕಬೇಡಿ. ಕೊಳವೆಗೆ ಗ್ಯಾಸು ಹೋಗುವ ತೂತು ಇದೆಯೇ ನೋಡಿ. ಕಿಸೆಗೆ ಹಾಕುವ ಮುಂಚೆ ಬಟನ್ ಲಾಕ್ ಮಾಡಿ, ಬ್ಯಾಟರಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಇಷ್ಟು ಹೇಳಿದ್ದಕ್ಕೆ ಮನೆಯಲ್ಲಿ ಒಬ್ಬರು "ನೀನೇ ಕಲಿಸಿ ಕೊಡ್ತ್ಯನಾ?" ಅಂತ ರೇಗಿದರು. ಕಲಿಸಿದ್ದಲ್ಲ, ಹುಡುಗನ ತೊಡೆ ಸುಡದಿರಲಿ ಅಂದದ್ದು. ಅವನು ಬ್ಯಾಟರಿಯನ್ನೇನೋ ಡಬ್ಬಿಗೆ ಹಾಕಿದ. ಬಿಡುವುದು ಯಾವಾಗ ಅಂದರೆ ಮುಂದಿನ ವರ್ಷವಂತೆ :-(

ಕಂಡೂ ಕಾಣದ ಹಾಗೆ ಇರುವುದೇ ಸಂಸ್ಕಾರವೇ? ನೀವೇನಂತೀರಿ?